ಹಸಿ ಮರಕ್ಕೆ ಗ್ಯಾರಂಟಿ ಬರೆದುಕೊಡಬೇಡಿ

ಚೈನ್ ಸಾ ಹಿಡಿದು ಮರದಲ್ಲಿ ಮೂರ್ತಿ ಕೆತ್ತುವುದನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅಂತ ಈಚೆಗೆ ಮೂರು ನಾಲ್ಕು ಹುಡುಗರು ನನಗೆ ಫೋನ್ ಮಾಡಿದರು. ಯಾವ ಮೆಷಿನ್ ಒಳ್ಳೆಯದು, ಚೈನ್ ಸುತ್ತುವ ಉದ್ದದ ಪಟ್ಟಿ, ಅಂದರೆ ಬಾರ್, ಎಲ್ಲಿ ಸಿಗುತ್ತದೆ, ತಿಂಗಳಿಗೆ ಎಷ್ಟು ಹುಟ್ಟುತ್ತದೆ, ಇವೇ ಪ್ರಶ್ನೆಗಳು. ಮರದ ಬಗ್ಗೆ ಒಬ್ಬನೂ ಕೇಳಲಿಲ್ಲ. ನಾನೂ ಶುರುವಿನಲ್ಲಿ ಯಾರನ್ನೂ ಕೇಳಿರಲಿಲ್ಲ. ಅದಕ್ಕೆ 2023ರಲ್ಲಿ 60,000 ರೂಪಾಯಿ ಕಳೆದುಕೊಂಡೆ. ಆ ಕಥೆ ಹೇಳುತ್ತೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಮೊದಲು ಕುಂಬಳೆಯಲ್ಲಿ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಭಾನುವಾರ ಮಾತ್ರ ಮನೆಯ ಹಿಂದೆ ಮೆಷಿನ್ ಓಡಿಸುತ್ತಿದ್ದೆ. ಗೂಬೆ, ಅಣಬೆ, ಮಂಗಟ್ಟೆ ಹಕ್ಕಿ ಹೀಗೆ ಸಣ್ಣ ಸಣ್ಣದು. ನಾಲ್ಕು ಜನ ದುಡ್ಡು ಕೊಟ್ಟು ತೆಗೆದುಕೊಂಡರು. ಧೈರ್ಯ ಬಂತು. 2021ರಲ್ಲಿ ಕೆಲಸ ಬಿಟ್ಟೆ. ಮನೆಯಲ್ಲಿ ಅಮ್ಮ ಎರಡು ದಿನ ಮಾತಾಡಲಿಲ್ಲ. ಆ ವಿಷಯ ಬಿಡಿ.

2023ರ ಜುಲೈಯಲ್ಲಿ ಕರಾವಳಿಯ ಒಂದು ರೆಸಾರ್ಟಿನಿಂದ ಕರೆ ಬಂತು. ಹೆಸರು ಹೇಳುವುದಿಲ್ಲ. ಕಾರು ನಿಲ್ಲಿಸಲು ಜಾಗ ಮಾಡಲಿಕ್ಕೆ ಕಂಪೌಂಡಿನ ಮಾವಿನ ಮರ ಕಡಿಸಿದ್ದರು. ಅದರ ಬೊಡ್ಡೆಯಲ್ಲಿ ಒಂದು ಮೊಸಳೆ ಬೇಕಂತೆ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತ್ತಲ್ವಾ, ನೈವೇದ್ಯದ ಅನ್ನ ತಿಂದುಕೊಂಡಿದ್ದ ಮೊಸಳೆ ಅಂತ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅದರ ನೆನಪಿಗೆ ರಿಸೆಪ್ಶನ್ನಿನಲ್ಲಿ ಎಂಟು ಅಡಿ ಉದ್ದದ ಮೊಸಳೆ. ಓಣಂ ಮೊದಲು ಮುಗಿಯಬೇಕು. 75,000ಕ್ಕೆ ಮಾತಾಯಿತು. ಕೈಗೆ ಕೊಟ್ಟದ್ದು 15,000.

ಹೋಗಿ ನೋಡಿದೆ. ಬೊಡ್ಡೆ ಅಡ್ಡಡ್ಡ ಎರಡೂವರೆ ಅಡಿ, ತೂಕ ಒಂದು ಟನ್ನಿನ ಹತ್ತಿರ. ಕೊಯ್ದ ಮುಖಕ್ಕೆ ಕೈ ಇಟ್ಟರೆ ಅಂಗೈ ಒದ್ದೆಯಾಯಿತು. ಸಿಪ್ಪೆಯ ಸಂದಿಯಿಂದ ಸೊನೆ ಇನ್ನೂ ಇಳಿಯುತ್ತಿತ್ತು. ನನ್ನ ಜೊತೆ ಊರಿನ ಹಿರಿಯ ಬಡಗಿ ಆಚಾರ್ರು ಬಂದಿದ್ದರು. ಅವರು ಬೊಡ್ಡೆಗೆ ಬೆರಳಲ್ಲಿ ಎರಡು ಸಲ ಬಡಿದು, "ಇದು ಮೊನ್ನೆ ಮೊನ್ನೆ ನಿಂತಿದ್ದ ಮರ ಅಲ್ವಾ? ಒಂದು ವರ್ಷ ಹೋಗಲಿ ಮಾರಾಯಾ" ಅಂದರು. ನಾನು ನಕ್ಕೆ. ಒಂದು ವರ್ಷ ಕಾದರೆ ಓಣಂ ಕಾಯುತ್ತದಾ?

ರೆಸಾರ್ಟಿನ ಹಿಂದೆ ಟರ್ಪಾಲ್ ಕಟ್ಟಿ ಹತ್ತೊಂಬತ್ತು ದಿನ ಕೆತ್ತಿದೆ. ಹೊರಗೆ ಧಾರಾಕಾರ ಮಳೆ. ಕೊನೆಯ ವಾರ ರಾತ್ರಿ ಹತ್ತರ ತನಕ ಹ್ಯಾಲೊಜನ್ ದೀಪದಲ್ಲಿ ಕೆಲಸ. ಅಂಥ ಒಂದು ರಾತ್ರಿ ಮೊಸಳೆಯ ಬಾಯಿ ಒಳಗೆ ಕೊಯ್ಯಲು ಮೂತಿ ಸಪೂರದ ಕಾರ್ವಿಂಗ್ ಬಾರ್ ಹಾಕಬೇಕಿತ್ತು. ಬದಲಿಸುವ ಉದಾಸೀನಕ್ಕೆ ಮಾಮೂಲಿ ಬಾರನ್ನೇ ನುಗ್ಗಿಸಿದೆ. ಬಾರಿನ ತುದಿಯ ಮೇಲಿನ ಮೂಲೆ ಮರಕ್ಕೆ ತಾಗಿತು ನೋಡಿ, ಮೆಷಿನ್ ಮುಖಕ್ಕೆ ಎಗರಿತು. ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕ್ ಬಿತ್ತು. ಬಾರ್ ಹೆಲ್ಮೆಟ್ಟಿನ ಜಾಲರಿಗೆ ತಾಗಿ ನಿಂತಿತು. ಜಾಲರಿ ತಗ್ಗಿದ್ದು ಈಗಲೂ ಹಾಗೇ ಇದೆ. ಸೆಖೆ ಅಂತ ಹೆಲ್ಮೆಟ್ ತೆಗೆದಿಟ್ಟು ಕೆಲಸ ಮಾಡುವವರು ಇದನ್ನು ಓದಿ ಒಂದು ಸಲ ಕೆನ್ನೆ ಮುಟ್ಟಿಕೊಳ್ಳಿ.

ಮೊಸಳೆ ಚೆಂದ ಬಂತು. ಅದನ್ನು ಹೇಳಲು ನಾಚಿಕೆ ಇಲ್ಲ. ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಎಬ್ಬಿಸಿದ್ದೆ. ಮ್ಯಾನೇಜರಿಗೆ ಮಿರಿಮಿರಿ ಮಿಂಚಬೇಕು ಅಂತ ಹಟ. ಹಸಿ ಮರಕ್ಕೆ ದಪ್ಪ ವಾರ್ನಿಷ್ ಹೊಡೆದರೆ ನೀರು ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ ಅಂತ ಹೇಳಿದೆ. ಕೇಳಲಿಲ್ಲ. ಮೂರು ಕೋಟ್ ಹೊಡೆಸಿದರು.

ಮುಗಿದ ದಿನ ಒಂದು ಕಾಗದ ಮುಂದಿಟ್ಟರು. "ಅಕೌಂಟಿಗೆ ಬೇಕು, ಅಷ್ಟೇ. ಒಪ್ಪಿಡಿ ಚೇಟ್ಟಾ." ಸಹಿ ಹಾಕಿ ಅಣ್ಣಾ ಅಂತ. ಕಾಗದ ಮಲಯಾಳದಲ್ಲಿತ್ತು. ನಾನು ಓದಿದ್ದು ಕನ್ನಡ ಮೀಡಿಯಂ. ಇಲ್ಲಿ ನಮ್ಮಂಥವರ ಕಥೆ ಗೊತ್ತಲ್ಲ, ಮಲಯಾಳ ಮಾತಾಡುವುದಕ್ಕೆ ಏನೂ ತೊಂದರೆ ಇಲ್ಲ. ಬಸ್ಸಿನ ಬೋರ್ಡು ಓದುತ್ತೇವೆ. ಸಣ್ಣ ಅಕ್ಷರದ ಪುಟ ಕೊಟ್ಟರೆ ತಡವರಿಸುತ್ತೇವೆ. ನಾಲ್ಕು ಜನರ ಮುಂದೆ ಅಕ್ಷರ ಕೂಡಿಸಿಕೊಂಡು ಓದಲು ಮರ್ಯಾದೆ ಬಿಡಲಿಲ್ಲ. ಸಹಿ ಹಾಕಿದೆ. ಬಾಕಿ ದುಡ್ಡು ಓಣಂ ಗಡಿಬಿಡಿ ಕಳೆದ ಮೇಲೆ ಎಂದರು. ಹೂಂ ಅಂದೆ.

ಸೆಪ್ಟೆಂಬರ್ ಪೂರ್ತಿ ಏನೂ ಆಗಲಿಲ್ಲ. ಇದೇ ಮೋಸ ಇರುವುದು. ಮರದ ಒಳಗಿನ ತೇವ ಸುಮಾರು ಶೇಕಡಾ 30ಕ್ಕೆ ಇಳಿಯುವ ತನಕ ಮರ ಕುಗ್ಗುವುದೇ ಇಲ್ಲ. ಅಷ್ಟರ ತನಕ ಆರುವುದು ಕೊಳವೆಗಳ ಒಳಗೆ ನಿಂತ ನೀರು ಮಾತ್ರ. ಅದಕ್ಕಿಂತ ಕೆಳಗೆ ಹೋದಾಗ ನಾರು ಬಿಗಿಯಲು ಶುರುವಾಗುತ್ತದೆ. ಅದೂ ಒಂದೇ ಸಮ ಅಲ್ಲ. ವರ್ಷದ ಬಳೆಗಳ ಸುತ್ತ ಕುಗ್ಗುವುದು ಜಾಸ್ತಿ, ನಡುವಿನಿಂದ ಹೊರಕ್ಕೆ ಕುಗ್ಗುವುದು ಅದರ ಹೆಚ್ಚುಕಡಿಮೆ ಅರ್ಧ. ಹೊರಮೈ ಮೊದಲು ಒಣಗುತ್ತದೆ, ಹೊಟ್ಟೆ ಹಸಿಯಾಗಿಯೇ ಇರುತ್ತದೆ. ಬಿಗಿಯಾದ ಅಂಗಿಯ ಗುಂಡಿ ಹಾರುವ ಹಾಗೆ ಎಲ್ಲಾದರೂ ಒಂದು ಕಡೆ ಬಾಯಿ ಬಿಡಲೇಬೇಕು. ನಡುವಿನ ತಿರುಳು ಒಳಗೇ ಉಳಿದ ಇಡೀ ಬೊಡ್ಡೆಯಾದರೆ ತಪ್ಪಿಸುವುದು ಇಲ್ಲ ಎನ್ನುವಷ್ಟು ಕಷ್ಟ. ನಾನು ಕೆತ್ತಿದ್ದು ಅಂಥದನ್ನೇ. ಅದರ ಮೇಲೆ ಇಟ್ಟದ್ದು ಹಗಲೂ ರಾತ್ರಿ ಏಸಿ ಓಡುವ ಹಾಲಿನಲ್ಲಿ.

ಅಕ್ಟೋಬರ್ ಕೊನೆಗೆ ಮ್ಯಾನೇಜರ್ ಫೋನ್. ರಾತ್ರಿ ರಿಸೆಪ್ಶನ್ನಿನಲ್ಲಿ ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ, ಕಾವಲಿನವ ಹೆದರಿ ಹೊರಗೆ ಓಡಿದನಂತೆ. ನಾನು ಹೋಗುವಾಗ ಮೂತಿಯಿಂದ ಬಾಲದ ಬುಡದ ತನಕ ಬೆನ್ನಿನ ಮೇಲೆ ನೇರ ಗೆರೆ. ನವೆಂಬರ್ ನಡುವಿಗೆ ಐದು ರೂಪಾಯಿ ನಾಣ್ಯ ಅಡ್ಡ ಹಾಕಿದರೆ ಒಳಗೆ ಬೀಳುವಷ್ಟು ಅಗಲವಾಯಿತು. ಯಾರೋ ಮಕ್ಕಳು ಐಸ್ ಕ್ಯಾಂಡಿ ಕಡ್ಡಿ ಸಿಕ್ಕಿಸಿಟ್ಟಿದ್ದರು. ವಾರ್ನಿಷಿನ ಅಡಿಯಲ್ಲಿ ಕಪ್ಪು ಮಚ್ಚೆ ಬೇರೆ. ಅದೇ ನವೆಂಬರಿನಲ್ಲಿ ಅನಂತಪುರದ ಕೆರೆಯಲ್ಲಿ ಹೊಸ ಮೊಸಳೆ ಕಾಣಿಸಿತು ಅಂತ ಊರೆಲ್ಲ ಸಂಭ್ರಮ. ನನ್ನ ಮೊಸಳೆ ಸೀಳಿಕೊಂಡು ಬಿದ್ದಿತ್ತು.

ಮರದ ಹುಡಿ ಮತ್ತು ಅಂಟು ಕಲಸಿ ಬಿರುಕು ತುಂಬಿಸಿ ನೋಡಿದೆ. ಎರಡೇ ವಾರದಲ್ಲಿ ಪಕ್ಕದಲ್ಲಿ ಮತ್ತೆ ಬಿಟ್ಟಿತು.

ಬಾಕಿ ಕೇಳಿದಾಗ ಅದೇ ಕಾಗದ ತೆಗೆದರು. ಈ ಸಲ ಮ್ಯಾನೇಜರೇ ಬೆರಳಿಟ್ಟು ಓದಿ ಹೇಳಿದರು. ಒಂದು ವರ್ಷದ ಒಳಗೆ ಬಿರುಕು, ಹುಳ, ಬಣ್ಣಗೇಡು ಬಂದರೆ ಕೆಲಸದವನದೇ ಹೊಣೆ, ಬಾಕಿ ಹಣ ಕೊಡತಕ್ಕದ್ದಲ್ಲ. ಕೆಳಗೆ ನನ್ನ ಸಹಿ. ಮರ ಅವರದ್ದು, ಗಡಿಬಿಡಿ ಅವರದ್ದು, ಏಸಿ ಅವರದ್ದು, ಹೊಣೆ ಮಾತ್ರ ನನ್ನದು. ಪರಿಚಯದ ವಕೀಲರಿಗೆ ತೋರಿಸಿದೆ. 60,000ಕ್ಕೆ ಕೋರ್ಟು ಹತ್ತಿ ಇಳಿದು ಮೂರು ವರ್ಷ ಕಳೆಯುವ ಮನಸ್ಸಿದ್ದರೆ ನೋಡುವಾ ಅಂದರು. ಇರಲಿಲ್ಲ. ಚೈನು, ಪೆಟ್ರೋಲು, ಆಯಿಲ್, ಸಹಾಯಕ್ಕೆ ಬಂದ ಹುಡುಗನ ಸಂಬಳ ಕಳೆದರೆ ಆ 15,000 ಕೂಡ ಉಳಿದಿರಲಿಲ್ಲ. ಕೊನೆಗೆ ಮೊಸಳೆಯನ್ನು ನೀನೇ ತೆಗೆದುಕೊಂಡು ಹೋಗು ಎಂದರು. ಪಿಕಪ್ ಬಾಡಿಗೆ, ಹೊರುವವರ ಕೂಲಿ ಎಲ್ಲ ನನ್ನದೇ. ಈಗ ಅಂಗಳದ ಬದಿಯಲ್ಲಿದೆ. ಮಳೆಗಾಲದಲ್ಲಿ ಮರ ಉಬ್ಬಿ ಬಿರುಕು ಅರ್ಧ ಮುಚ್ಚಿಕೊಂಡಿತು, ನಾನು ತುಂಬಿಸಿದ್ದ ಪುಟ್ಟಿಯನ್ನು ಹೊರಗೆ ದೂಡಿಹಾಕಿತು. ಅಮ್ಮ ಅದರ ಬೆನ್ನ ಮೇಲೆ ಹಪ್ಪಳ ಒಣಗಿಸುತ್ತಾಳೆ.

ಮ್ಯಾನೇಜರನ್ನು ಬೈದು ಏನೂ ಪ್ರಯೋಜನ ಇಲ್ಲ. ಆಚಾರ್ರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಭಾನುವಾರದ ಕೆಲಸಕ್ಕಾದರೆ ಒಂದು ಗೂಬೆ ಸೀಳಿದರೆ ಒಲೆಗೆ ಹಾಕಿ ಸುಮ್ನೆ ಇರಬಹುದು. ಅದೇ ಸಂಬಳ ಆದಾಗ ಬಂದ ಆರ್ಡರ್ ಬಿಡಲು ಮನಸ್ಸು ಬರುವುದಿಲ್ಲ. ಬ್ಯಾಂಕಿನ ಕಂತು ತಲೆಯಲ್ಲಿ ಕೂತಿರುತ್ತದೆ.

ಈಗ ಬೊಡ್ಡೆ ಸಿಕ್ಕಿದ ದಿನವೇ ಎರಡೂ ತುದಿಗೆ ಮೇಣವೋ ದಪ್ಪ ಪೈಂಟೋ ಬಳಿಯುತ್ತೇನೆ, ನೀರು ತುದಿಯಿಂದಲೇ ಬೇಗ ಓಡುವುದು. ಆದಷ್ಟು ಉದ್ದಕ್ಕೆ ಎರಡು ಹೋಳು ಮಾಡಿ ನಡುವಿನ ತಿರುಳು ತೆಗೆಸುತ್ತೇನೆ. ಇಡೀ ಬೊಡ್ಡೆಯೇ ಬೇಕೆಂದರೆ ಕಾಣದ ಅಡಿಭಾಗದಲ್ಲಿ ತಿರುಳಿನ ತನಕ ಉದ್ದಕ್ಕೆ ಒಂದು ಕೊಯ್ತ ಹಾಕುತ್ತೇನೆ. ಸೀಳುವುದಿದ್ದರೆ ಹೆಚ್ಚಾಗಿ ಅಲ್ಲೇ ಅಗಲವಾಗುತ್ತದೆ. ನೆರಳಲ್ಲಿ, ಗಾಳಿ ಆಡುವಲ್ಲಿ, ನೆಲಕ್ಕೆ ತಾಗದ ಹಾಗೆ ಇಡುತ್ತೇನೆ. ತೇವ ನೋಡುವ ಮೀಟರ್ ಸಾವಿರ ಚಿಲ್ಲರೆ ರೂಪಾಯಿಗೆ ಸಿಗುತ್ತದೆ, ಎರಡನೇ ಚೈನ್ ಸಾ ತೆಗೆಯುವ ಮೊದಲು ಅದನ್ನು ತೆಗೆಯಿರಿ. ಅರ್ಧ ದುಡ್ಡು ಬಾರದೆ ಮೆಷಿನ್ ಎಳೆಯುವುದಿಲ್ಲ, ಬಾಕಿ ಬಾರದೆ ಮಾಲು ಬಿಡುವುದಿಲ್ಲ. ಓದಲಾಗದ ಕಾಗದವನ್ನು ಮನೆಗೆ ತಂದು ಮಲಯಾಳ ಕಲಿತ ಅಕ್ಕನ ಮಗಳ ಕೈಯಲ್ಲಿ ಓದಿಸುತ್ತೇನೆ. ಅವಳಿಗೆ ಹದಿನಾಲ್ಕು ವರ್ಷ. ಅದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ.

ನನ್ನ ಬಿಲ್ಲಿನ ಅಡಿಯಲ್ಲಿ ಈಗ ಎರಡೂ ಭಾಷೆಯಲ್ಲಿ ಹೀಗೆ ಅಚ್ಚು ಹಾಕಿಸಿದ್ದೇನೆ, ಬೇಕಾದವರು ಹಾಗೇ ನಕಲು ಮಾಡಿಕೊಳ್ಳಿ: "ಇದು ಇಡೀ ಮರದಲ್ಲಿ ಕೆತ್ತಿದ ಕೆಲಸ. ಮರ ಒಣಗುವಾಗ ಬಿರುಕು ಬಿಡಬಹುದು. ಅದು ಕೆಲಸದ ದೋಷ ಅಲ್ಲ. ಗಿರಾಕಿ ತಂದುಕೊಟ್ಟ ಮರಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಏಸಿ ಕೋಣೆಯಲ್ಲಿ ಇಡುವುದಾದರೆ ಮೊದಲೇ ತಿಳಿಸಿ."