ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸುವವರು ಮೊದಲು ಇದನ್ನು ಓದಿರಿ

ಹುಬ್ಬಳ್ಳಿಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸಲು ಹೊರಟವರು ದಯವಿಟ್ಟು ಎಚ್ಚರದಿಂದಿರಿ. "ಎಷ್ಟ ತಾಸಿಂದಿದ್ರೂ ಸಣ್ಣ ಪೆನ್‌ಡ್ರೈವ್‌ನ್ಯಾಗ ಕೂಡಿಸಿ ಕೊಡ್ತೀವ್ರಿ" ಎಂಬ ಮಾತು ಕೇಳಿಬಂದರೆ ಅಲ್ಲಿಂದ ಎದ್ದು ಬನ್ನಿರಿ.

ನಾನು ಕೊಟ್ಟದ್ದು ನಮ್ಮ ಕಾಕಾ ಧಾರವಾಡದ ಮನೆಯಲ್ಲಿ ಹಾಡಿದ ಸಂಗೀತ ಬೈಠಕ್ಕುಗಳ ಕ್ಯಾಸೆಟ್ಟುಗಳನ್ನು. ಸಿ.ಡಿ. ಗುಣಮಟ್ಟದಲ್ಲಿಯೇ ಕೊಡುವುದಾಗಿ ಒಪ್ಪಿ ಅಂಗಡಿಯವನು ಪೂರ್ತಿ ಹಣ ತೆಗೆದುಕೊಂಡಿದ್ದ. ಕಾಕಾ ಅವರ ಶಿಷ್ಯರನ್ನೆಲ್ಲ ಕರೆದು ಕೂಡಿಸಿ, ಅವರ ಮುಂದೆ ಪೆನ್‌ಡ್ರೈವ್ ಹಚ್ಚಿದೆ. ತಂಬೂರಿ ನೀರಿನೊಳಗೆ ಮುಳುಗಿದಂತೆ ಗುಳುಗುಳು ಎನ್ನುತ್ತಿತ್ತು. ತಬಲೆಯ ಚಾಟಿಯ (ಅಂಚಿನ) ಪೆಟ್ಟು ಮಬ್ಬಾಗಿತ್ತು. ತಾರ ಸಪ್ತಕದಲ್ಲಿ ದನಿ ಗೊಗ್ಗರಾಗಿ ಒಡೆಯುತ್ತಿತ್ತು. ಹಿರಿಯ ಶಿಷ್ಯರೊಬ್ಬರು "ಇದು ಗುರುಗಳ ದನಿ ಹೌದೇನ್ರಿ?" ಎಂದು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಫೈಲು ನೋಡಿದರೆ ಒಂದು ತಾಸಿನ ಹಾಡಿಕೆಗೆ ಬರೀ 7 ಎಂಬಿ! ಸಿ.ಡಿ. ಗುಣಮಟ್ಟವೆಂದರೆ ಸೆಕೆಂಡಿಗೆ 44,100 ಸಲ ಅಳೆದ, 16 ಬಿಟ್ಟಿನ, ಎರಡು ಚಾನೆಲ್ಲಿನ ಧ್ವನಿ. ಕುಗ್ಗಿಸದೆ ಇಟ್ಟರೆ ಅದು ತಾಸಿಗೆ ಸುಮಾರು 635 ಎಂಬಿ ಆಗಲೇಬೇಕು. ಜೋರಾದ ಸ್ವರದ ಮರೆಯಲ್ಲಿ ಕಿವಿಗೆ ಹತ್ತದ ಸೂಕ್ಷ್ಮ ನಾದಗಳನ್ನು ಬಿಟ್ಟು ಗಾತ್ರ ಇಳಿಸುವ ಎಂಪಿ3 ಕೂಡ ಸೆಕೆಂಡಿಗೆ 128 ಸಾವಿರ ಬಿಟ್ಟುಗಳ, ಅಂದರೆ 128 ಕೆಬಿಪಿಎಸ್‌ನಲ್ಲಿ ತಾಸಿಗೆ ಸುಮಾರು 58 ಎಂಬಿ ಹಿಡಿಯುತ್ತದೆ. ಈತ ಅದನ್ನು 16 ಕೆಬಿಪಿಎಸ್‌ಗೆ ಹಿಂಡಿ, ಸೆಕೆಂಡಿಗೆ 8,000 ಅಳತೆಗಳನ್ನಷ್ಟೇ ಉಳಿಸಿದ್ದ. ಹಾಗೆ ಮಾಡಿದರೆ ಅಳತೆಗಳ ಸಂಖ್ಯೆಯ ಅರ್ಧದಷ್ಟು, ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ಯಾವ ನಾದವೂ ಉಳಿಯುವುದಿಲ್ಲ, ತಂಬೂರಿಯ ಜವಾರಿಯ (ತಂತಿಯ ಝೇಂಕಾರದ) ಹೊಳಪೆಲ್ಲ ಅದರೊಂದಿಗೇ ಹೋಗುತ್ತದೆ. ಫೋನಿನ ಮಾತುಕತೆಗೆ ಅಷ್ಟು ಸಾಕು; ಖಯಾಲ್ ಹಾಡಿಕೆಗೆ ಹೇಗೆ ಸಾಕಾಗುತ್ತದೆ?

ಕೇಳಿದ್ದಕ್ಕೆ "ಕ್ಯಾಸೆಟ್ ಹಳೇವದಾವ್ರಿ ಸರ್, ಹಂಗ ಬರ್ತೈತಿ" ಎಂದ. ಅದೇ ಕ್ಯಾಸೆಟ್ಟು ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ನಿಚ್ಚಳವಾಗಿ ಕೇಳುತ್ತದೆ ಎಂದು ಪಟ್ಟು ಹಿಡಿದ ಮೇಲೆ, ಮತ್ತಷ್ಟು ಹಣ ಪಡೆದು ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲುಗಳನ್ನು ಕೊಟ್ಟ. ಈ ಸಲ ಒಂದೊಂದೂ 635 ಎಂಬಿ. ಹಚ್ಚಿ ಕೇಳಿದರೆ ಅದೇ ಗುಳುಗುಳು! ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ (ಎಷ್ಟು ಹರ್ಟ್ಸ್ ನಾದ ಎಷ್ಟಿದೆ ಎಂದು ತೋರಿಸುವ ಚಿತ್ರ) ನೋಡಿದೆ: 4,000ದ ಗೆರೆಯ ಮೇಲೆ ಕತ್ತರಿಸಿದಂತೆ ಪೂರ್ತಿ ಖಾಲಿ. ಕ್ಯಾಸೆಟ್ಟನ್ನು ಆತ ಮತ್ತೆ ಮುಟ್ಟಿಯೇ ಇರಲಿಲ್ಲ. ಹಳೆಯ 7 ಎಂಬಿಯ ಫೈಲನ್ನೇ ಉಬ್ಬಿಸಿ ಕೊಟ್ಟಿದ್ದ. ಒಮ್ಮೆ ಎಸೆದ ನಾದ ಫೈಲು ಹಿಗ್ಗಿಸಿದರೆ ಮರಳಿ ಬರುವುದಿಲ್ಲ. ಇದನ್ನು ತೋರಿಸಿದಾಗ ಆತ ಕೊಟ್ಟ ಉತ್ತರ: "ಫೈಲ್ ದೊಡ್ಡದ್ ಮಾಡಿ ಕೊಟ್ಟೀನಲ್ರೀ, ಇನ್ನೇನ್ ಬೇಕ್ರಿ ನಿಮಗ?" ಇನ್ನೇನು ಬೇಕಂತೆ! ಅಂದಿನಿಂದ ಫೋನು ಎತ್ತುತ್ತಿಲ್ಲ.

ಒಂದು ಕ್ಯಾಸೆಟ್ಟಿನ ಟೇಪು ಆತನ ಯಂತ್ರದಲ್ಲಿ ಸಿಕ್ಕಿ ಮುದುಡಿ ಬಂದಿರುವುದರಿಂದ, ಅದರಲ್ಲಿದ್ದ ಭೈರವಿ ರಾಗ ಈಗ ಆ ಹಾಳು ಫೈಲಿನಲ್ಲಷ್ಟೇ ಇದೆ. ಈ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಕೊಡುವುದಿದ್ದರೆ ಮೊದಲು ಒಂದೇ ಕ್ಯಾಸೆಟ್ಟು ಕೊಡಿರಿ. ನೇರವಾಗಿ ಟೇಪಿನಿಂದಲೇ ತೆಗೆದ ವೇವ್ ಇಲ್ಲವೆ ಫ್ಲ್ಯಾಕ್ ಕೇಳಿರಿ. ಫ್ಲ್ಯಾಕ್ ಏನನ್ನೂ ಕಳೆಯದೆ ಹೆಚ್ಚುಕಡಿಮೆ ಅರ್ಧ ಗಾತ್ರಕ್ಕೆ ಇಳಿಸುತ್ತದೆ. ತಂಬೂರಿ ಸರಿಯಾಗಿ ಕೇಳಿಸುವವರೆಗೂ ಹಣ ಕೊಡಬೇಡಿರಿ. ನಾನು ಎರಡೂ ಬಗೆಯ ಫೈಲುಗಳನ್ನು, ರಸೀದಿಯನ್ನು ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ.