ಕಾಂಟೆಸ್ಸಾಗೆ ಎಕ್ಸಾಸ್ಟ್ ಕಟೌಟ್: ನಾಲ್ಕು ಮಳೆಗಾಲ ಕಳೆದ ಮೇಲೆ

ಗಾಡಿಯ ಹೊಗೆ ಪೈಪಿಗೆ ಕಟೌಟ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತೆ ಅಂತ ನಂಬಿ ಹಾಕಿಸಿದವನು ನಾನು. ಜಾಸ್ತಿ ಆಯಿತು ಕೂಡ. ವರ್ಷಕ್ಕೂ ಮೇಲೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳೋಕೆ ಈಗ ಇದನ್ನು ಬರೆಯುತ್ತಿದ್ದೇನೆ.

ಗಾಡಿ 1994ರ ಕಾಂಟೆಸ್ಸಾ. ಹಿಂದೂಸ್ತಾನ್ ಮೋಟಾರ್ಸ್‌ನವರು ಇಂಗ್ಲೆಂಡಿನ ವಾಕ್ಸ್‌ಹಾಲ್ ಗಾಡಿಯ ಮೈಕಟ್ಟು ತಂದು 1984ರಿಂದ ಮಾಡುತ್ತಿದ್ದರಲ್ಲ, ಅದೇ. ನನ್ನದರಲ್ಲಿ ಇರೋದು 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್, ಐದು ಗೇರು. ಅಪ್ಪ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ನನ್ನ ಕೈಗೆ ಬರುವ ಮೊದಲು ಆರು ವರ್ಷ ಶಿವಮೊಗ್ಗದ ಗೋಪಾಳದ ಮನೆ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಮಲಗಿತ್ತು. ಈ ಆರು ವರ್ಷದ ವಿಷಯ ನೆನಪಿಟ್ಟುಕೊಳ್ಳಿ.

ಕಟೌಟ್ ಅಂದರೆ ದೊಡ್ಡ ಯಂತ್ರವೇನಲ್ಲ. ಎಂಜಿನ್ನಿಂದ ಹೊಗೆ ಪೈಪು ಸೈಲೆನ್ಸರಿಗೆ ಹೋಗುವ ದಾರಿಯಲ್ಲಿ, ಸೈಲೆನ್ಸರಿಗಿಂತ ಮುಂಚೆ, ಕವೆಗೋಲಿನ ಹಾಗೆ ಒಂದು ಕವಲು. ಕವಲಿನ ಬಾಯಿಗೆ ಮುಚ್ಚಳ. ತೆಗೆದರೆ ಹೊಗೆ ಸೈಲೆನ್ಸರಿಗೆ ಹೋಗದೆ ಅಲ್ಲಿಂದಲೇ ಹೊರಗೆ. ಅಮೆರಿಕದ ವಿ8, ಅಂದರೆ ಎಂಟು ಸಿಲಿಂಡರಿನ ಗಾಡಿಯವರು ಎರಡು ಬದಿಗೆ ಎರಡು ಹಾಕುತ್ತಾರೆ. ನಮ್ಮ ನಾಲ್ಕು ಸಿಲಿಂಡರಿಗೆ ಒಂದು ಸಾಕು. ಸ್ವಿಚ್ ಒತ್ತಿದರೆ ತೆರೆಯುವ ಮೋಟಾರಿನದೂ ಸಿಗುತ್ತೆ. ಆದರೆ ಮಲೆನಾಡಿನ ಮಳೆಯಲ್ಲಿ ಗಾಡಿಯ ಹೊಟ್ಟೆ ಕೆಳಗೆ ವೈರು, ಮೋಟಾರು ಯಾಕೆ ಅಂತ ಕೈಯಲ್ಲೇ ತೆರೆಯುವುದನ್ನು ತರಿಸಿದೆ.

ಮೊದಲು, 2021ರ ಅಕ್ಟೋಬರಿನಲ್ಲಿ, ಹಾಕಿಸಿದ್ದು ಮೂರು ಬೋಲ್ಟಿನ ತಟ್ಟೆ ಮುಚ್ಚಳದ್ದು. ನನ್ನ ಪೈಪು 45 ಮಿಲಿಮೀಟರ್, ಕಟೌಟ್ ಎರಡು ಇಂಚು. ಮಾಚೇನಹಳ್ಳಿಯ ಒಂದು ಲೇತ್‌ನಲ್ಲಿ ಎರಡು ಅಳತೆಯ ಪೈಪು ಜೋಡಿಸುವ ರೆಡ್ಯೂಸರ್ ಮಾಡಿಸಿಕೊಂಡು, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವೆಲ್ಡಿಂಗ್ ಮಾಡಿಸಿದೆ. ಸಾಮಾನು, ಕೂಲಿ ಎಲ್ಲ ಸೇರಿ ಐದು ಸಾವಿರದ ಒಳಗೆ ಮುಗಿಯಿತು. ನಮ್ಮ ಫಿಟ್ಟರ್ ಒಂದು ಒಳ್ಳೆ ಕೆಲಸ ಮಾಡಿದರು. ಕವಲನ್ನು ನೇರ ಪೈಪಿಗೆ ಬೆಸೆಯದೆ ಎರಡೂ ಕಡೆ ಬೋಲ್ಟ್ ಹಾಕಿ ಜೋಡಿಸುವ ಫ್ಲೇಂಜ್ ಕೊಟ್ಟರು. "ನಾಳೆ ಬೇಡ ಅನ್ನಿಸಿದ್ರೆ ಬಿಚ್ಚಿ ನೇರ ತುಂಡು ಹಾಕ್ಬಹುದು ಸಾರ್" ಅಂದರು. ಆಗ ನನಗೆ ಆ ಮಾತು ಅಪಶಕುನದ ಹಾಗೆ ಕೇಳಿಸಿತು.

ಮೊದಲ ಸಲ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ದೊಡ್ಡಮ್ಮ ಹಿತ್ತಲಿನಿಂದ ಓಡಿ ಬಂದರು. "ಎಂತ ಮಾರಾಯಾ ಇದು, ರೈಸ್ ಮಿಲ್ ತಂದ್ಯಾ?" ಬೇಜಾರಾದರೂ ಅವರು ಹೇಳಿದ್ದು ಸರಿಯೇ. ಫೋನಿನಲ್ಲಿ ನೋಡುವ ಆ ವಿ8 ಗುಡುಗು ನಮ್ಮ ಗಾಡಿಯಿಂದ ಬರುವುದಿಲ್ಲ. ಸ್ಲೋನಲ್ಲಿ ಟ್ರಾಕ್ಟರ್. ಎರಡು ಸಾವಿರ ಆರ್‌ಪಿಎಂ ಹತ್ತಿರ ತಲೆಯೊಳಗೇ ಗುಂಯ್‌ಗುಡುತ್ತೆ, ಪಕ್ಕದವರ ಮಾತು ಕೇಳಿಸಲ್ಲ. ಮೂರು ಸಾವಿರ ದಾಟಿದರೆ ಮಾತ್ರ, ಹೌದು, ಎದೆ ತುಂಬುವ ಹಾಗಿರುತ್ತೆ.

ಬೋಲ್ಟಿನ ಮುಚ್ಚಳ ಒಂದು ಮಳೆಗಾಲಕ್ಕೆ ಶರಣಾಯಿತು. 2022ರ ಆಗಸ್ಟಿನಲ್ಲಿ ಬಿಚ್ಚಲು ಹೋದರೆ ಮೂರರಲ್ಲಿ ಎರಡು ಬೋಲ್ಟು ತುಕ್ಕು ಹಿಡಿದು ಪೈಪಿನ ಜೊತೆ ಒಂದೇ ಆಗಿದ್ದವು. ಡೀಸೆಲ್ ಹಾಕಿ ರಾತ್ರಿಯಿಡೀ ನೆನೆಸಿದರೂ ಒಂದರ ತಲೆ ಮುರಿದೇ ಬಂತು. ಯಾರಾದರೂ ಹಾಕಿಸುವುದಾದರೆ ಕಬ್ಬಿಣದ ನಟ್ಟು ಬೇಡವೇ ಬೇಡ. ಸ್ಟೀಲ್ ಸ್ಟಡ್ಡಿಗೆ ಹಿತ್ತಾಳೆ ನಟ್ಟು ಹಾಕಿ, ಮೇಲೆ ನಟ್ಟು ಹಿಡಿದುಕೊಳ್ಳದ ಹಾಗೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಸವರಿ. ನನ್ನದು ಆಮೇಲೆ ಮೂರು ಮಳೆಗಾಲ ಕಳೆದರೂ ಕೈಸ್ಪ್ಯಾನರಿಗೇ ಬಿಚ್ಚಿಕೊಳ್ಳುತ್ತೆ.

ಅದೇ ನವೆಂಬರಿನಲ್ಲಿ ಕೇಬಲ್ ಎಳೆದರೆ ತೆರೆಯುವ ಸ್ಟೇನ್‌ಲೆಸ್ ಸ್ಟೀಲ್ ಬಟರ್‌ಫ್ಲೈಗೆ, ಅಂದರೆ ಪೈಪಿನ ಒಳಗೇ ತಿರುಗುವ ತಟ್ಟೆಗೆ, ಬದಲಾಯಿಸಿದೆ. ಜೊತೆಗೆ ಬಂದ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಎರಡು ವಾರದಲ್ಲಿ ಕರಗಿತು. ಫಿಟ್ಟರ್ ಹಳೆ ಅಂಬಾಸಿಡರ್ ಡೀಸೆಲ್‌ನ ಸ್ಟಾಪ್ ಕೇಬಲ್ ತಂದು, ಪೈಪಿನಿಂದ ಒಂದು ಗೇಣು ದೂರ ಇಟ್ಟು ಕಟ್ಟಿದರು. ಇವತ್ತಿಗೂ ಅದೇ ಇದೆ. ಬಟರ್‌ಫ್ಲೈ ಪೂರ್ತಿ ಮುಚ್ಚುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಹಿಂದಿನ ಪೈಪಿನ ಬಾಯಿಗೆ ದಪ್ಪ ಒದ್ದೆ ಬಟ್ಟೆಯನ್ನು ಎರಡು ಕ್ಷಣ ಒತ್ತಿ ಹಿಡಿದು ಕಿವಿಗೊಡಿ. ತಟ್ಟೆಯ ಅಂಚಿನಿಂದ ಚಿಸ್ ಅನ್ನುತ್ತೆ, ಆ ಜಾಗದಲ್ಲಿ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆಯೂ ಇರುತ್ತೆ. ವಾರಕ್ಕೊಮ್ಮೆ ನಾಲ್ಕು ಸಲ ತೆಗೆದು ಮುಚ್ಚದಿದ್ದರೆ ಮಸಿ ಕಟ್ಟಿ ಜಾಮ್ ಆಗುತ್ತೆ.

ಈಗ ಆಗುಂಬೆ ಘಾಟಿಯ ವಿಷಯ. ಹೇಳಲು ನಾಚಿಕೆ, ಆದರೂ ಹೇಳಲೇಬೇಕು. ಆ ಡಿಸೆಂಬರಿನಲ್ಲಿ ಸ್ನೇಹಿತನ ಜೊತೆ ಹೆಬ್ರಿ ಕಡೆಯಿಂದ ವಾಪಸ್ ಬರುತ್ತಿದ್ದೆ. ಸೋಮೇಶ್ವರ ದಾಟಿದ ಮೇಲೆ ಹುಚ್ಚು ಬಂದು ಕೇಬಲ್ ಎಳೆದೆ. 14 ತಿರುವು, ಮುಂದೆ ಒಂದು ಮಿನಿ ಬಸ್ಸು, ನಾವು ಅದರ ಹಿಂದೆ ಮೊದಲನೇ ಗೇರು, ಎರಡನೇ ಗೇರು ಅಂತ ತೆವಳಿಕೊಂಡು. ಏಳೋ ಎಂಟೋ ತಿರುವು ಆಗುವಷ್ಟರಲ್ಲಿ ಅವನು "ತಲೆ ಹಿಡ್ಕೊಂಡಂಗೆ ಆಗ್ತಿದೆ ಮಾರಾಯಾ" ಅಂದ. ನನಗೂ ಕಣ್ಣು ಭಾರ. ಕೇಬಲ್ ಮುಚ್ಚಿ, ಗಾಜು ಇಳಿಸಿ, ಮೇಲೆ ಸೂರ್ಯಾಸ್ತ ನೋಡುವ ಜಾಗದ ಹತ್ತಿರ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತೆವು. ಮಾರನೇ ದಿನ ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ ನೋಡಿದರೆ ಕಟೌಟಿನ ಬಾಯಿ ನೇರ ಕೆಳಗೆ. ಗೇರ್ ಲಿವರಿನ ರಬ್ಬರ್ ಬೂಟು ಹರಿದಿದೆ. ಹೊಗೆ ಅಲ್ಲಿಂದಲೇ ಒಳಗೆ ಬಂದಿತ್ತು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮಗೆ ತಲೆನೋವು ಬಂದಿದ್ದೇ ಪುಣ್ಯ. ಬೂಟು ಬದಲಿಸಿದೆ, ನೆಲದ ತೂತುಗಳಿಗೆಲ್ಲ ಗ್ರಾಮೆಟ್ ಅನ್ನುವ ರಬ್ಬರ್ ಬಿರಡೆ ಹಾಕಿಸಿದೆ. ಕಟೌಟಿನ ಬಾಯಿಗೆ ಒಂದು ಬೆಂಡು ಕೊಟ್ಟು ಗಾಡಿಯ ಪಕ್ಕದಿಂದ ಹೊರಗೆ ಬರುವ ಹಾಗೆ ಮಾಡಿಸಿದೆ, ಪೆಟ್ರೋಲ್ ಪೈಪು, ಬ್ರೇಕ್ ಪೈಪು ಇಲ್ಲದ ಬದಿಗೆ. ಇದನ್ನು ಮೊದಲ ದಿನವೇ ಮಾಡಿಸಬೇಕಿತ್ತು.

ಇನ್ನೊಂದು ಮಾತು. ಆ ಘಾಟಿ ಸೋಮೇಶ್ವರ ಅಭಯಾರಣ್ಯದ ಕಾಡು, ಸಿಂಗಳೀಕ ಇರುವ ಜಾಗ. ಅಲ್ಲಿ ಸದ್ದು ಮಾಡಿದ್ದು ತಪ್ಪು. ಕಾನೂನೂ ಹಾಗೇ ಹೇಳುತ್ತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಗಾಡಿಗೂ ಸೈಲೆನ್ಸರ್ ಇರಲೇಬೇಕು. ರಸ್ತೆಯಲ್ಲಿ ಕಟೌಟ್ ತೆರೆದರೆ ಸೈಲೆನ್ಸರ್ ಇದ್ದೂ ಇಲ್ಲದ ಹಾಗೆ. 2019ರ ತಿದ್ದುಪಡಿ ಆದ ಮೇಲೆ ಸದ್ದು, ಹೊಗೆಯ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ, ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಲೈಸೆನ್ಸಿಗೂ ಕುತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರ ಬೇರೆ ಇದೆ, ಯೋಚಿಸಿ.

ಇನ್ನು ಪಿಕಪ್ಪು. ಶುರುವಿನಲ್ಲೇ ಒಂದು ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ ಅಕ್ಕನ ಮಗನ ಕೈಗೆ ಸ್ಟಾಪ್‌ವಾಚ್ ಕೊಟ್ಟು ನೋಡಿದ್ದೆ. ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಹೋಗಲು, ಮುಚ್ಚಿದರೆ ಒಂಬತ್ತು ಸೆಕೆಂಡ್, ತೆರೆದರೆ ಏಳು. ನಾನು ಹೇಳಿಕೊಂಡು ತಿರುಗಿದ್ದು ಈ ಎರಡು ಸೆಕೆಂಡನ್ನೇ. 2023ರ ಫೆಬ್ರವರಿಯಲ್ಲಿ ಸೈಲೆನ್ಸರ್ ಒಳಗೆ ಗಲಗಲ ಸದ್ದು ಶುರುವಾಯಿತು. ಫಿಟ್ಟರ್ ಮರದ ಸುತ್ತಿಗೆಯಲ್ಲಿ ತಟ್ಟಿ ನಕ್ಕರು. ಬಿಚ್ಚಿ, ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿದರು. ಒಳಗಿಂದ ಚಕ್ಕೆ ಚಕ್ಕೆ ತುಕ್ಕು ಸುರಿಯಿತು, ಒಂದು ಸೇರಾದರೂ ಇತ್ತು. ತೂತು ತೂತಿನ ಒಂದು ತಟ್ಟೆ ಬೆಸುಗೆ ಬಿಟ್ಟು ಬಂದು ಪೈಪಿನ ಬಾಯಿಗೆ ಅಡ್ಡ ಬಿದ್ದಿತ್ತು, ಮಡಕೆಗೆ ಮುಚ್ಚಳ ಇಟ್ಟ ಹಾಗೆ. ಶೆಡ್ಡಿನಲ್ಲಿ ಮಲಗಿದ ಆರು ವರ್ಷದ ಫಲ.

"ಕಟೌಟ್ ಪಿಕಪ್ ಕೊಟ್ಟಿದ್ದಲ್ಲ ಸಾರ್. ಸೈಲೆನ್ಸರ್ ಉಸಿರು ಹಿಡಿದಿತ್ತು."

ಹೊಸ ಸೈಲೆನ್ಸರ್ ಹಾಕಿ ಅದೇ ರಸ್ತೆ, ಅದೇ ಹುಡುಗ, ಅದೇ ವಾಚು. ಮುಚ್ಚಿದರೆ ಏಳು. ತೆರೆದರೂ ಏಳು. ಮೂರು ಸಲ ಮಾಡಿಸಿದೆ, ಹುಡುಗನಿಗೆ ಬೇಜಾರು ಬಂತು. ಹಾಗಾಗಿ ಪಿಕಪ್ಪಿಗೆ ಅಂತ ಕಟೌಟ್ ನೋಡುತ್ತಿರುವವರು ಮೊದಲು ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಕೆಳಗಿನ ಪೈಪಿನ ಜಾಯಿಂಟನ್ನು ಸ್ವಲ್ಪ ಸಡಿಲ ಮಾಡಿ ಎಂಜಿನ್ ರೇಸ್ ಮಾಡಿ ನೋಡಿ. ಗಾಡಿ ದಿಢೀರ್ ಅಂತ ಹಗುರಾಗಿ ಏರಿದರೆ ನಿಮಗೆ ಬೇಕಾಗಿರೋದು ಸೈಲೆನ್ಸರ್.

ಕಟೌಟಿಗೆ ಸಾಮಾನು ಅಂತ ನೋಡಿದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಸ್ಟೀಲು ಚೆನ್ನಾಗಿದೆ, ವೆಲ್ಡಿಂಗ್ ಬಿಟ್ಟಿಲ್ಲ. ಕೇಬಲ್ ದಂಡ. ಗ್ಯಾಸ್ಕೆಟ್ ಎರಡು ಸಲ ಬದಲಿಸಿದೆ. ಗಾಡಿಯ ಉಪಯೋಗಕ್ಕೆ ಅಂತ ಕೇಳಿದರೆ ಅಂಕ ಕೊಡಲಾರೆ.

2024ರಲ್ಲಿ ಆರ್.ಸಿ. ಮುಂದಿನ ಐದು ವರ್ಷಕ್ಕೆ ರಿನ್ಯೂ ಮಾಡಿಸುವಾಗ ಇಡೀ ಕವಲು ಬಿಚ್ಚಿ ನೇರ ತುಂಡು ಹಾಕಿದೆ. ಫಿಟ್ಟರ್ ಅವತ್ತು ಫ್ಲೇಂಜ್ ಕೊಟ್ಟಿದ್ದಕ್ಕೆ ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಅದು ಹಾಗೇ ಇದೆ. ಕವಲು ಡಿಕ್ಕಿಯಲ್ಲಿ ಹಳೇ ಪೇಪರ್ ಸುತ್ತಿಕೊಂಡು ಕೂತಿದೆ. ವರ್ಷಕ್ಕೆ ಎರಡು ಸಲ ತೀರ್ಥಹಳ್ಳಿ ಹತ್ತಿರ ಮಾವನ ತೋಟಕ್ಕೆ ಹೋದಾಗ ಅವರ ಅಂಗಳದಲ್ಲೇ ಹಾಕಿ, ಅವರದೇ ಮಣ್ಣು ರಸ್ತೆಯಲ್ಲಿ ಗೇಟಿನ ತನಕ ಎರಡು ರೌಂಡು. ಹೋದ ವರ್ಷ ಮಾರ್ಚಿನಲ್ಲಿ ಸೀದಾ ಒಣ ದರಗಿನ ಮೇಲೆ ನಿಲ್ಲಿಸಿದ್ದೆ. ಕಟೌಟಿನ ಬಾಯಿ ಕೆಳಗೆ ಅಂಗೈಯಗಲ ಕಪ್ಪಾಗಿ ಸಣ್ಣಗೆ ಹೊಗೆ ಎದ್ದಿತು. ಮಾವ ಒಂದು ಮಾತೂ ಆಡದೆ ಕೊಡಪಾನ ತಂದು ಸುರಿದು ಒಳಗೆ ಹೋದರು. ಇನ್ನು ಇದರ ಸುದ್ದಿ ಎತ್ತಬಾರದು ಅಂದುಕೊಂಡಿದ್ದೆ. ಮೊನ್ನೆ ಅವರೇ ಫೋನ್ ಮಾಡಿದ್ದರು.

"ಬರುವಾಗ ಆ ಗುಡುಗುಡು ಪೈಪು ತಗೊಂಡ್ ಬಾ. ದರಗೆಲ್ಲ ಗುಡಿಸಿ ಇಟ್ಟಿದೀನಿ."