ಪಿಕ್ಸೆಲ್ 10: ಚಾರ್ಜಿಂಗ್ ಮತ್ತು ವೈರ್‌ಲೆಸ್ ಮಾತ್ರ ನೋಡಿದರೆ ಹೇಗಿದೆ?

ಗೂಗಲ್‌ನ ಫೋನ್ ಪಿಕ್ಸೆಲ್ 10ರ ಕ್ಯಾಮೆರಾ ಬಗ್ಗೆ, ಎಐ ಬಗ್ಗೆ ಈಗಾಗಲೇ ಸಾಕಷ್ಟು ಜನ ಬರೆದಿದ್ದಾರೆ. ನಾನು ಆ ಕಡೆ ಹೋಗುವುದಿಲ್ಲ. ಈ ಫೋನ್ ಹೇಗೆ ಚಾರ್ಜ್ ಆಗುತ್ತದೆ, ಒಳಗೆ ವೈಫೈ, ಬ್ಲೂಟೂತ್ ಥರದ ಯಾವ ಯಾವ ರೇಡಿಯೋ ಇವೆ, ಯಾವುದನ್ನು ಬಿಟ್ಟಿದ್ದಾರೆ, ಬಿಟ್ಟಿದ್ದು ಸರಿಯಾ ಅನ್ನುವುದಷ್ಟೇ ಇಲ್ಲಿ. ದಿನಾ ಕೈಗೆ ಬರುವ ವಿಷಯ ಇದು, ಆದರೂ ಹೆಚ್ಚಿನವರು ಕೊನೆಗೆ ಒಂದು ವಾಟ್ ಸಂಖ್ಯೆ ಬರೆದು ಮುಗಿಸಿಬಿಡುತ್ತಾರೆ. ಆ ಒಂದು ಸಂಖ್ಯೆಯಿಂದ ಗೊತ್ತಾಗುವುದು ಬಹಳ ಕಡಿಮೆ. ನನ್ನ ಪ್ರಕಾರ ಹೊಸ ಫೋನಿನಲ್ಲಿ ಮೊದಲು ನೋಡಬೇಕಾದ್ದು, ಯಾವ ಕಂಪನಿಯ ಚಾರ್ಜರ್, ಯಾವ ಕಂಪನಿಯ ಸ್ಟ್ಯಾಂಡ್, ಯಾವ ಕಂಪನಿಯ ಇಯರ್‌ಬಡ್ ಕೊಟ್ಟರೂ ಅದು ಪೂರ್ತಿ ಕೆಲಸ ಮಾಡುತ್ತದಾ ಅನ್ನುವುದನ್ನು.

ಮೊದಲು ಇಷ್ಟವಾದದ್ದನ್ನು ಹೇಳುತ್ತೇನೆ. ಬೆನ್ನಿನ ಒಳಗೇ ಮ್ಯಾಗ್ನೆಟ್ ಇದೆ.

ಇದೇನು ದೊಡ್ಡ ವಿಷಯ ಅಂತ ಕೇಳಬಹುದು. ವೈರ್‌ಲೆಸ್ ಚಾರ್ಜಿಂಗ್ ಹೊಸದೇನಲ್ಲ, 2012ರಲ್ಲೇ ಲೂಮಿಯಾ 920, ನೆಕ್ಸಸ್ 4 ಫೋನುಗಳಲ್ಲಿ ಕ್ಯೂಐ ಅನ್ನುವ ವೈರ್‌ಲೆಸ್ ಚಾರ್ಜಿಂಗ್ ಮಾನದಂಡ ಇತ್ತು. ತೊಂದರೆ ಇದ್ದದ್ದು ಇಡುವ ಜಾಗದಲ್ಲಿ. ಪ್ಯಾಡಿನಲ್ಲಿ ಒಂದು ತಾಮ್ರದ ಸುರುಳಿ, ಫೋನಿನಲ್ಲಿ ಇನ್ನೊಂದು. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತರೆ ಕರೆಂಟ್ ಚೆನ್ನಾಗಿ ದಾಟುತ್ತದೆ. ಸ್ವಲ್ಪ ಆಚೀಚೆ ಆದರೆ ವೇಗ ಇಳಿಯುತ್ತದೆ, ಫೋನ್ ಸುಮ್ನೆ ಬಿಸಿಯಾಗುತ್ತದೆ. ನನ್ನ ಹತ್ತಿರ ಇದ್ದ ಹಳೆಯ ಚಪ್ಪಟೆ ಪ್ಯಾಡ್ ಹೀಗೇ ಕಾಡುತ್ತಿತ್ತು. ರಾತ್ರಿ ಯಾವುದೋ ಮೆಸೇಜ್ ಬಂದು ಫೋನ್ ನಡುಗಿ ಒಂದು ಬೆರಳಿನಷ್ಟು ಜರುಗಿದರೆ ಸಾಕು, ಬೆಳಿಗ್ಗೆ ನೋಡಿದಾಗ ಚಾರ್ಜ್ ಅರ್ಧಕ್ಕೇ ನಿಂತಿರುತ್ತಿತ್ತು.

2020ರಲ್ಲಿ ಐಫೋನ್ 12 ಜೊತೆ ಮ್ಯಾಗ್‌ಸೇಫ್ ಬಂದಾಗ ಆಪಲ್ ಇದನ್ನು ಸರಿಮಾಡಿತು, ಸುರುಳಿಯ ಸುತ್ತ ಇರುವ ಮ್ಯಾಗ್ನೆಟ್ ಫೋನನ್ನು ಸರಿಯಾದ ಜಾಗಕ್ಕೇ ಎಳೆದು ಕೂರಿಸುತ್ತದೆ. ಆಮೇಲೆ ಅದೇ ವಿಧಾನವನ್ನು ಕ್ಯೂಐ ಮಾನದಂಡ ರೂಪಿಸುವ ಒಕ್ಕೂಟವಾದ ವೈರ್‌ಲೆಸ್ ಪವರ್ ಕನ್ಸಾರ್ಟಿಯಂಗೆ ಕೊಟ್ಟಿತು, 2023ರ ಜನವರಿಯಲ್ಲಿ ಕ್ಯೂಐ2 ಅಂತ ಎಲ್ಲರಿಗೂ ಸೇರಿದ ಮಾನದಂಡ ಘೋಷಣೆಯಾಯಿತು. ಅಲ್ಲಿಂದ ಆಂಡ್ರಾಯ್ಡ್ ಫೋನುಗಳಲ್ಲೂ ಬೇಗ ಬರುತ್ತದೆ ಅಂತ ಎಲ್ಲರೂ ಕಾದರು. 2024ರಲ್ಲಿ ಎಚ್‌ಎಂಡಿ ಸ್ಕೈಲೈನ್ ಬಂತು, ಅದು ಬಿಟ್ಟರೆ ದೊಡ್ಡ ಕಂಪನಿಗಳು ಹಿಂದೆಮುಂದೆ ನೋಡುತ್ತಲೇ ಇದ್ದವು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25ಕ್ಕೆ 'ಕ್ಯೂಐ2 ರೆಡಿ' ಅಂದಿತು, ಅಂದರೆ ಮ್ಯಾಗ್ನೆಟ್ ಇರುವ ಕೇಸ್ ನೀವೇ ಕೊಂಡು ಹಾಕಿಕೊಳ್ಳಬೇಕು. ನನಗೆ ಇದು ಒಪ್ಪಿಗೆಯಿಲ್ಲ. ಇಷ್ಟು ದುಡ್ಡಿನ ಫೋನಿನ ಮುಖ್ಯ ಸೌಲಭ್ಯ ಒಂದು ಕೇಸಿನ ಮೇಲೆ ನಿಂತಿರಬಾರದು. 2025ರ ಆಗಸ್ಟ್‌ನಲ್ಲಿ ಬಂದ ಪಿಕ್ಸೆಲ್ 10 ಈ ವಿಷಯದಲ್ಲಿ ಸರಿಯಾದ ಹೆಜ್ಜೆ ಇಟ್ಟಿದೆ. ಗೂಗಲ್ ಇದಕ್ಕೆ ಪಿಕ್ಸೆಲ್‌ಸ್ನ್ಯಾಪ್ ಅಂತ ಹೆಸರಿಟ್ಟಿದೆ, ಒಳಗಿರುವುದು ಅದೇ ಕ್ಯೂಐ2.

ಬಳಸುವಾಗ ಹೇಗಿದೆ ಅಂದರೆ, ಮಂಚದ ಪಕ್ಕದ ಸ್ಟ್ಯಾಂಡ್ ಹತ್ತಿರ ಕತ್ತಲಲ್ಲಿ ಫೋನ್ ತಂದರೆ ಕೊನೆಯ ಒಂದು ಸೆಂಟಿಮೀಟರ್ ಅದೇ ಎಳೆದುಕೊಂಡು 'ಟಕ್' ಅಂತ ಕೂತುಕೊಳ್ಳುತ್ತದೆ. ಕಣ್ಣು ಬಿಡಬೇಕಾಗಿಲ್ಲ. ಐಫೋನಿಗಾಗಿ ಮಾಡಿದ ಕಾರ್ ಮೌಂಟ್ ಇದ್ದರೆ ಅದಕ್ಕೂ ಹಿಡಿದುಕೊಳ್ಳುತ್ತದೆ, ಕಾರ್ಡ್ ಇಡುವ ವಾಲೆಟ್ ಇದ್ದರೆ ಅದೂ ಅಂಟುತ್ತದೆ. ಒಂದೇ ಮನೆಯಲ್ಲಿ ಎರಡು ಕಂಪನಿಯ ಫೋನ್ ಇದ್ದವರಿಗೆ ಇದು ಎಷ್ಟು ನೆಮ್ಮದಿ ಅಂತ ಬಳಸಿದವರಿಗೇ ಗೊತ್ತು. ಒಂದು ಎಚ್ಚರಿಕೆ: ಮ್ಯಾಗ್ನೆಟ್ ಇಲ್ಲದ ದಪ್ಪ ಕೇಸ್ ಹಾಕಿದರೆ ಹಿಡಿತ ಸಡಿಲವಾಗುತ್ತದೆ, ಕಾರಿನಲ್ಲಿ ಅದನ್ನು ನಂಬಬೇಡಿ.

ವೇಗ 15 ವಾಟ್. ಇದೇ ಸರಣಿಯ ದೊಡ್ಡ ಫೋನ್ ಪ್ರೋ ಎಕ್ಸ್‌ಎಲ್‌ಗೆ ಮಾತ್ರ 25 ವಾಟ್ ಕೊಟ್ಟಿದ್ದಾರೆ. ರಾತ್ರಿಯಿಡೀ ಇಡುವವರಿಗೆ 15 ಧಾರಾಳ ಸಾಕು. ವೈರ್‌ಲೆಸ್‌ನಲ್ಲಿ ವೇಗ ಜಾಸ್ತಿ ಅಂದರೆ ಬಿಸಿಯೂ ಜಾಸ್ತಿ, ಅದು ಬ್ಯಾಟರಿಗೆ ಒಳ್ಳೆಯದಲ್ಲ. ಹಾಗಾಗಿ ಇಲ್ಲಿ ನನ್ನದೇನೂ ತಕರಾರಿಲ್ಲ.

ಮ್ಯಾಗ್ನೆಟ್ ಬಂದ ಜಾಗದಲ್ಲಿ ಒಂದು ಸೌಲಭ್ಯ ಹೋಗಿದೆ. ಫೋನಿನ ಬೆನ್ನ ಮೇಲೆ ಇಯರ್‌ಬಡ್ ಡಬ್ಬಿ ಇಟ್ಟು ಚಾರ್ಜ್ ಮಾಡುವ ಬ್ಯಾಟರಿ ಶೇರ್ ಈ ಸಲ ಇಲ್ಲ, ಮ್ಯಾಗ್ನೆಟ್ ಇರುವುದೇ ಕಾರಣ ಅಂತ ಗೂಗಲ್ ಹೇಳಿದೆ. ಕೆಲವರಿಗೆ ಇದರಿಂದ ಬೇಸರವಾಗಿದೆ. ನನಗೆ ಆಗಿಲ್ಲ. 2018ರಲ್ಲಿ ಹುವಾವೇ ಮೇಟ್ 20 ಪ್ರೋದಲ್ಲಿ, ಮರುವರ್ಷ ಗ್ಯಾಲಕ್ಸಿ ಎಸ್10ರಲ್ಲಿ ಇದು ಬಂದಾಗ ನೋಡೋಕೆ ಚೆನ್ನಾಗಿತ್ತು, ಆದರೆ ಫೋನಿನ ಬ್ಯಾಟರಿಯಿಂದ ತೆಗೆದದ್ದರಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಎರಡೂ ಕಡೆ ಸಿ ಇರುವ ಕೇಬಲ್ ಹಾಕಿದರೆ ಈ ಫೋನಿನಿಂದಲೇ ಇಯರ್‌ಬಡ್ ಚಾರ್ಜ್ ಮಾಡಬಹುದು, ನಷ್ಟವೂ ಕಡಿಮೆ. ಮ್ಯಾಗ್ನೆಟ್ಟಾ, ರಿವರ್ಸ್ ಚಾರ್ಜಿಂಗಾ ಅಂದರೆ ನಾನು ಕಣ್ಣುಮುಚ್ಚಿ ಮ್ಯಾಗ್ನೆಟ್ ಅನ್ನುತ್ತೇನೆ.

ಈಗ ವೈರ್ ಚಾರ್ಜಿಂಗ್‌ಗೆ ಬರೋಣ. ಹೆಚ್ಚು ಜಗಳ ಇರುವುದು ಇಲ್ಲೇ. ಪಿಕ್ಸೆಲ್ 10ಕ್ಕೆ ಸುಮಾರು 30 ವಾಟ್. ಬ್ಯಾಟರಿ 4970 ಎಂಎಎಚ್. ಸರಿಯಾದ ಚಾರ್ಜರ್ ಇದ್ದರೆ ಅರ್ಧ ಗಂಟೆಯಲ್ಲಿ 55 ಪರ್ಸೆಂಟ್‌ವರೆಗೆ ಅಂತ ಗೂಗಲ್ ಹೇಳುತ್ತದೆ. 80, 100, 120 ವಾಟ್ ಫೋನುಗಳು ಓಡಾಡುತ್ತಿರುವ ಕಾಲದಲ್ಲಿ ಇದು ಕಡಿಮೆಯೇ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹತ್ತು ನಿಮಿಷದಲ್ಲಿ ಮನೆ ಬಿಡಬೇಕು, ಫೋನ್ 8 ಪರ್ಸೆಂಟ್ ತೋರಿಸುತ್ತಿದೆ ಅನ್ನುವಾಗ 100 ವಾಟ್ ಫೋನ್ ಇಟ್ಟುಕೊಂಡವರು ಆರಾಮಾಗಿರುತ್ತಾರೆ. ಅವರ ವಾದದಲ್ಲಿ ಹುರುಳಿದೆ.

ಆದರೆ ಆ ವೇಗ ಎಲ್ಲಿಂದ ಬರುತ್ತದೆ ಅಂತಲೂ ನೋಡಬೇಕು. ಅಂಥ ಎಷ್ಟೋ ಫೋನುಗಳ ಪೂರ್ತಿ ವೇಗ ಸಿಗುವುದು ಅದೇ ಕಂಪನಿಯ ಚಾರ್ಜರ್, ಅದೇ ಕಂಪನಿಯ ಕೇಬಲ್ ಎರಡೂ ಇದ್ದಾಗ ಮಾತ್ರ. ಆ ಕೇಬಲ್ ಮನೆಯಲ್ಲಿ ಮರೆತು ಹೋದಿರೋ, ಆಫೀಸಿನಲ್ಲಿ ಪಕ್ಕದವರ ಚಾರ್ಜರ್ ಹಾಕಿದಾಗ ವೇಗ ಎಷ್ಟೋ ಕೆಳಗೆ ಬೀಳುತ್ತದೆ. ಪಿಕ್ಸೆಲ್ ಬಳಸುವುದು ಎಲ್ಲ ಕಂಪನಿಗಳಿಗೂ ಸೇರಿದ ಚಾರ್ಜಿಂಗ್ ಮಾನದಂಡವಾದ ಯುಎಸ್‌ಬಿ ಪವರ್ ಡೆಲಿವರಿ, ಅದರಲ್ಲೂ ಪಿಪಿಎಸ್ ಅನ್ನುವ ವಿಧಾನ. ಇದರಲ್ಲಿ ಫೋನ್ ತನಗೆ ಈ ಕ್ಷಣ ಎಷ್ಟು ವೋಲ್ಟ್ ಬೇಕು ಅಂತ ಚಾರ್ಜರ್‌ಗೆ ಹೇಳುತ್ತಾ ಇರುತ್ತದೆ, ಚಾರ್ಜರ್ 20 ಮಿಲಿವೋಲ್ಟ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ಏರಿಸಿ ಇಳಿಸಿ ಕೊಡುತ್ತದೆ. ವೋಲ್ಟೇಜ್ ಇಳಿಸುವ ಕೆಲಸ ಹೆಚ್ಚಾಗಿ ಚಾರ್ಜರ್‌ನಲ್ಲೇ ಮುಗಿಯುವುದರಿಂದ ಫೋನಿನ ಒಳಗೆ ಬಿಸಿ ಕಡಿಮೆ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಪಿಪಿಎಸ್ ಇದ್ದರೆ ಅದರಿಂದಲೂ ಇದೇ ವೇಗ ಸಿಗುತ್ತದೆ. ಯುರೋಪಿಯನ್ ಯೂನಿಯನ್ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯ ಮಾಡಿತಲ್ಲ, ಅದೇ ನಿಯಮದಲ್ಲಿ ವೇಗದ ಚಾರ್ಜಿಂಗ್ ಇದ್ದರೆ ಪವರ್ ಡೆಲಿವರಿಯೂ ಇರಲೇಬೇಕು ಅಂತಿದೆ. ಬರೀ ಪೋರ್ಟಿನ ಆಕಾರ ಒಂದೇ ಆದರೆ ಸಾಲದು, ಅದರೊಳಗಿನ ಮಾತುಕತೆಯೂ ಒಂದೇ ಆಗಬೇಕು. ನನಗೆ ತುಂಬಾ ಮುಖ್ಯ ಅನಿಸುವ ವಿಷಯ ಇದು.

ಅಷ್ಟು ಹೇಳಿದ ಮೇಲೂ 30 ವಾಟ್‌ಗೆ ನಿಲ್ಲಿಸಿದ್ದು ಸರಿಯಲ್ಲ. ಅದೇ ಪಿಪಿಎಸ್‌ನಲ್ಲೇ ಇನ್ನೂ ಹೆಚ್ಚು ಕೊಡಬಹುದಿತ್ತು, ಪ್ರೋ ಎಕ್ಸ್‌ಎಲ್‌ನಲ್ಲಿ 45 ವಾಟ್ ಚಾರ್ಜರ್ ಹಾಕಿದರೆ ಇದಕ್ಕಿಂತ ಹೆಚ್ಚು ವೇಗ ಕೊಟ್ಟಿದ್ದಾರೆ ಕೂಡ. ಹಾಗಂತ 100 ವಾಟ್ ಬೇಕು ಅಂತ ನಾನು ಕೇಳುತ್ತಿಲ್ಲ. ಕೊಡಕ್ಕೆ ನೀರು ತುಂಬುವಾಗ ಕಂಠದ ಹತ್ತಿರ ಬಂದ ಮೇಲೆ ನಲ್ಲಿ ಸಣ್ಣದು ಮಾಡುತ್ತೇವಲ್ಲ, ಲಿಥಿಯಂ ಬ್ಯಾಟರಿಯೂ ಹಾಗೇ, 80 ಪರ್ಸೆಂಟ್ ಆಸುಪಾಸಿಗೆ ಬರುವಷ್ಟರಲ್ಲಿ ಎಷ್ಟೇ ದೊಡ್ಡ ಚಾರ್ಜರ್ ಇದ್ದರೂ ನಿಧಾನ ಮಾಡಲೇಬೇಕು. ಜಾಹೀರಾತಿನ ಆ ದೊಡ್ಡ ಸಂಖ್ಯೆ ಇರುವುದು ಮೊದಲ ಕೆಲವು ನಿಮಿಷ ಮಾತ್ರ.

ಬ್ಯಾಟರಿ ಬಾಳಿಕೆ ವಿಷಯದಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಇದೆ. 80 ಪರ್ಸೆಂಟ್‌ಗೆ ನಿಲ್ಲಿಸುವ ಆಯ್ಕೆ ಇದೆ, ಆ ಮಟ್ಟ ಮುಟ್ಟಿದ ಮೇಲೆ ಫೋನ್ ನೇರ ಚಾರ್ಜರ್‌ನಿಂದ ಕರೆಂಟ್ ತೆಗೆದುಕೊಂಡು ನಡೆಯುತ್ತದೆ, ಬ್ಯಾಟರಿಗೆ ವಿಶ್ರಾಂತಿ. ದಿನವಿಡೀ ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ಇಟ್ಟು ಕೆಲಸ ಮಾಡುವವರು ಇದನ್ನು ಖಂಡಿತ ಆನ್ ಮಾಡಿಕೊಳ್ಳಿ. ನಡುವೆ ಯಾವಾಗಲೋ ಒಮ್ಮೆ 100ಕ್ಕೆ ಹೋಗುತ್ತದೆ, ಗಾಬರಿಯಾಗಬೇಡಿ, ಬ್ಯಾಟರಿ ಅಳತೆ ಸರಿಹೊಂದಿಸಿಕೊಳ್ಳಲು ಹಾಗೆ ಮಾಡುತ್ತದೆ. ಕೆಟ್ಟದ್ದು ಯಾವುದೆಂದರೆ ಬ್ಯಾಟರಿ ಹೆಲ್ತ್ ಅಸಿಸ್ಟೆನ್ಸ್. 200 ಚಾರ್ಜ್ ಸೈಕಲ್ (ಒಂದು ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಖರ್ಚಾದರೆ ಒಂದು ಸೈಕಲ್) ದಾಟಿದ ಮೇಲೆ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನು ಹಂತ ಹಂತವಾಗಿ ಇಳಿಸುತ್ತಾ 1000 ಸೈಕಲ್‌ವರೆಗೆ ಹೋಗುತ್ತದೆ. ವೋಲ್ಟೇಜ್ ಇಳಿದರೆ ಒಂದು ಚಾರ್ಜ್‌ಗೆ ಬರುವ ಸಮಯವೂ ಸ್ವಲ್ಪ ಇಳಿಯುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಇದನ್ನು ಆಫ್ ಮಾಡಲು ಬಿಡುವುದಿಲ್ಲ. ಫೋನ್ ನನ್ನದು, ಬ್ಯಾಟರಿ ನನ್ನದು, ನಿರ್ಧಾರವೂ ನನ್ನದೇ ಆಗಬೇಕು ಅಲ್ವಾ? ಎರಡು ವರ್ಷಕ್ಕೆ ಫೋನ್ ಬದಲಿಸುವವರಿಗೂ ಐದು ವರ್ಷ ಇಟ್ಟುಕೊಳ್ಳುವವರಿಗೂ ಒಂದೇ ಅಳತೆ ಹೇಗಾಗುತ್ತದೆ. ಈ ಫೋನಿನಲ್ಲಿ ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಇದೊಂದೇ.

ಪೋರ್ಟ್ ಬಗ್ಗೆ ಜನ ಜಾಸ್ತಿ ಯೋಚಿಸುವುದಿಲ್ಲ. ಯುಎಸ್‌ಬಿ-ಸಿ ಅಂತ ಕಂಡ ತಕ್ಷಣ ಎಲ್ಲ ಒಂದೇ ಅಂದುಕೊಳ್ಳುತ್ತೇವೆ. ಐಫೋನ್ 15, 16ರ ಮೂಲ ಮಾದರಿಗಳ ಸಿ ಪೋರ್ಟ್ ಒಳಗಿರುವುದು ಹಳೆಯ ಯುಎಸ್‌ಬಿ 2, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. 10 ಜಿಬಿ ವಿಡಿಯೋ ಕಂಪ್ಯೂಟರ್‌ಗೆ ಹಾಕಲು ಲೆಕ್ಕದ ಪ್ರಕಾರವೇ ಮೂರು ನಿಮಿಷದ ಹತ್ತಿರ ಬೇಕು, ನಿಜದಲ್ಲಿ ಇನ್ನೂ ಜಾಸ್ತಿ. ಪಿಕ್ಸೆಲ್ 10ರಲ್ಲಿರುವುದು ಯುಎಸ್‌ಬಿ 3.2, ಮಾನಿಟರ್‌ಗೆ ಚಿತ್ರ ಕಳಿಸುವ ಸೌಲಭ್ಯವೂ ಇದೆ. ಆದರೆ ಡಬ್ಬಿಯಲ್ಲಿ ಕೊಟ್ಟಿರುವ ಕೇಬಲ್ ಯುಎಸ್‌ಬಿ 2ರದ್ದು! ಚಾರ್ಜ್ ಮಾಡಲು ಸಾಕು, ಫೈಲ್ ಕಳಿಸುವಾಗ ಅದೇ ಕೇಬಲ್ ಹಾಕಿ ಫೋನ್ ನಿಧಾನ ಅಂತ ಬೈಯಬೇಡಿ. ನೋಡಲು ಎಲ್ಲ ಕೇಬಲ್ ಒಂದೇ ಥರ ಇರುತ್ತವೆ, ಹಾಗಾಗಿ ವೇಗದ ಕೇಬಲ್‌ಗೆ ಒಂದು ಗುರುತು ಹಾಕಿಟ್ಟುಕೊಳ್ಳಿ.

ಹೆಡ್‌ಫೋನ್ ಜ್ಯಾಕ್ ಇಲ್ಲ, ಅದು ಹೋದ ಕಥೆ. ಆದರೆ ಮ್ಯಾಗ್ನೆಟ್ ಬಂದ ಮೇಲೆ ಒಂದು ಲಾಭವಾಗಿದೆ. ಮೊದಲು ಸಿ ಪೋರ್ಟಿಗೆ ಇಯರ್‌ಫೋನ್ ಹಾಕಿದರೆ ಚಾರ್ಜ್ ಇಲ್ಲ, ಚಾರ್ಜ್ ಹಾಕಿದರೆ ಇಯರ್‌ಫೋನ್ ಇಲ್ಲ. ಈಗ ಫೋನ್ ಸ್ಟ್ಯಾಂಡಿನಲ್ಲಿ ಚಾರ್ಜ್ ಆಗುತ್ತಿರುತ್ತದೆ, ಪೋರ್ಟ್ ಖಾಲಿ, ಡಿಎಸಿ (ಡಿಜಿಟಲ್ ಸಂಕೇತವನ್ನು ಕೇಳಿಸುವ ಸದ್ದಾಗಿ ಬದಲಿಸುವ ಚಿಪ್) ಇರುವ ವೈರ್ ಇಯರ್‌ಫೋನ್ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಮೀಟಿಂಗ್ ಮಾಡಬಹುದು.

ರೇಡಿಯೋಗಳ ವಿಷಯ ಬೇಗ ಮುಗಿಸುತ್ತೇನೆ. ವೈಫೈ 6ಇ ಇದೆ, ವೈಫೈ 7 ಇರುವುದು ಪ್ರೋ ಮಾದರಿಗಳಲ್ಲಿ ಮಾತ್ರ. ಮನೆಯ ರೂಟರ್ ವೈಫೈ 7ರದ್ದು ಅಲ್ಲದಿದ್ದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಬಿಡಿ. ಫೋನ್ ತಾಗಿಸಿ ಹಣ ಕೊಡಲು ಬಳಸುವ ಎನ್‌ಎಫ್‌ಸಿ ಇದೆ, ಇರಲೇಬೇಕು, ಅದರ ಬಗ್ಗೆ ಚರ್ಚೆಯೇ ಬೇಡ. ಬ್ಲೂಟೂತ್ 6 ಅಂತ ಬರೆದಿದ್ದಾರೆ. ಆ ಸಂಖ್ಯೆ ನೋಡಿ ಖುಷಿಪಡುವ ಮೊದಲು ತಿಳಿದಿರಲಿ, ಬ್ಲೂಟೂತ್‌ನ ಎಷ್ಟೋ ಸೌಲಭ್ಯಗಳು ಐಚ್ಛಿಕ, ಆವೃತ್ತಿ ಹೊಸದಾದ ಮಾತ್ರಕ್ಕೆ ಎಲ್ಲ ಬರುವುದಿಲ್ಲ. ಕೇಳಬೇಕಾದ್ದು, ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ಹೊಸ ವಿಧಾನವಾದ ಎಲ್‌ಇ ಆಡಿಯೋ ಇದೆಯಾ ಅಂತ. ಇದರಲ್ಲಿ ಇದೆ, ಒಂದೇ ಸದ್ದನ್ನು ಅನೇಕ ಇಯರ್‌ಬಡ್‌ಗಳಿಗೆ ಕಳಿಸುವ ಆರಾಕಾಸ್ಟ್ ಕೂಡ. ಸದ್ದನ್ನು ಕುಗ್ಗಿಸಿ ಕಳಿಸುವ ಹಳೆಯ ಕೋಡೆಕ್ ಎಸ್‌ಬಿಸಿಗಿಂತ ಎಲ್‌ಇ ಆಡಿಯೋದ ಎಲ್‌ಸಿ3 ಕೋಡೆಕ್ ಕಡಿಮೆ ಡೇಟಾದಲ್ಲೇ ಚೆನ್ನಾಗಿ ಕೇಳಿಸುತ್ತದೆ, ಶ್ರವಣಯಂತ್ರ ಹಾಕಿಕೊಳ್ಳುವವರಿಗೆ ಫೋನ್ ನೇರವಾಗಿ ಜೋಡಿಸಲು ಇದು ದೊಡ್ಡ ಅನುಕೂಲ. ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ವಿಷಯಕ್ಕಾದರೂ ಫೋನಿನ ವಿವರಗಳಲ್ಲಿ ಎಲ್‌ಇ ಆಡಿಯೋ ಹುಡುಕಿ.

ಅಲ್ಟ್ರಾ ವೈಡ್‌ಬ್ಯಾಂಡ್ ಇಲ್ಲದಿರುವುದು ಮಾತ್ರ ಕೊರತೆ. ಐಫೋನ್‌ನಲ್ಲಿ ಇದು 2019ರ 11ನೇ ಮಾದರಿಯಿಂದಲೂ ಇದೆ. ರೇಡಿಯೋ ಅಲೆ ಹೋಗಿಬರುವ ಸಮಯ ಅಳೆದು, ಕಳೆದುಹೋದ ಕೀಚೈನ್ ಟ್ಯಾಗ್ ಯಾವ ದಿಕ್ಕಿನಲ್ಲಿ ಎಷ್ಟು ದೂರ ಇದೆ ಅಂತ ಬಾಣ ತೋರಿಸುತ್ತದೆ. ಬರೀ ಬ್ಲೂಟೂತ್ ಆದರೆ ಹತ್ತಿರ ಇದೆ, ದೂರ ಇದೆ ಅಂತ ಅಂದಾಜು ಹೇಳುತ್ತದೆ ಅಷ್ಟೇ, ಸೋಫಾ ಕೆಳಗೋ ಕಪಾಟಿನ ಹಿಂದೋ ಅಂತ ನಾವೇ ತಡಕಬೇಕು. ಇದನ್ನು ಪ್ರೋ ಫೋನುಗಳಿಗೆ ಮೀಸಲಿಟ್ಟಿದ್ದಾರೆ. ಟಿವಿ, ಎಸಿಯನ್ನು ರಿಮೋಟಿನಂತೆ ನಡೆಸಲು ಐಆರ್ (ಇನ್‌ಫ್ರಾರೆಡ್) ಕೂಡ ಇಲ್ಲ, ಶಿಯೋಮಿಯವರು ವರ್ಷಗಳಿಂದ ಕೊಡುತ್ತಿರುವ ಸಣ್ಣ ಭಾಗ ಅದು. ಇದ್ದಿದ್ದರೆ ಚೆನ್ನಾಗಿತ್ತು, ಇಲ್ಲದಿದ್ದರೂ ಅದಕ್ಕಾಗಿ ಫೋನ್ ಬಿಡುವಂಥದ್ದಲ್ಲ.

ಕೊಳ್ಳುವವರಿಗೆ ಇನ್ನೊಂದು ಮಾತು: ಡಬ್ಬಿಯಲ್ಲಿ ಚಾರ್ಜರ್ ಇಲ್ಲ. ಹೊಸದು ತರುವಾಗ 30 ವಾಟ್ ಅಂತ ದೊಡ್ಡದಾಗಿ ಬರೆದಿರುವುದನ್ನಷ್ಟೇ ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 'ಪಿಪಿಎಸ್' ಅಂತ ಇದೆಯಾ, ಅದರ ಮುಂದೆ 3.3ರಿಂದ 11 ವೋಲ್ಟ್, 3 ಆಂಪಿಯರ್ ಅಂತ ಇದೆಯಾ ಓದಿ. ಆ ಸಾಲು ಇಲ್ಲದಿದ್ದರೂ ಫೋನ್ ಚಾರ್ಜ್ ಆಗುತ್ತದೆ, ಆದರೆ ಮೇಲೆ ಹೇಳಿದ ವೇಗ ಸಿಗುವುದಿಲ್ಲ. ಬಾಣದ ಗುರುತಿನಿಂದ ಟ್ಯಾಗ್ ಹುಡುಕುವುದು, ಫೋನನ್ನು ಜೇಬಿನಿಂದ ತೆಗೆಯದೆಯೇ ಅಲ್ಟ್ರಾ ವೈಡ್‌ಬ್ಯಾಂಡ್‌ನಿಂದ ಕಾರಿನ ಕೀ ಆಗಿ ಬಳಸುವುದು ನಿಮಗೆ ಬೇಕೇ ಬೇಕು ಅಂದರೆ ಪ್ರೋ ನೋಡಿ. ಬೇಡ ಅಂದರೆ, ಆ ಹೆಲ್ತ್ ಅಸಿಸ್ಟೆನ್ಸ್ ವಿಷಯ ತಿಳಿದುಕೊಂಡೇ, ಇದನ್ನು ತೆಗೆದುಕೊಳ್ಳಬಹುದು.